ಕಡಿಮೆ ಖರ್ಚಿನ ಟೆಲಿಫೋಟೊ ಲೆನ್ಸ್: ಅಂಗಡಿಗೆ ಹೋಗುವ ಮುಂಚೆ ದೂರ ಅಳೆಯಿರಿ

ರಂಗನತಿಟ್ಟಿಗೆ ಮೊದಲ ಸಲ ಕ್ಯಾಮೆರಾ ಹಿಡಿದು ಹೊರಟಾಗ ನನಗೆ ಗೊತ್ತಿದ್ದುದು ಒಂದೇ: ಹಕ್ಕಿ, ಪ್ರಾಣಿ ಅಂದರೆ ದೊಡ್ಡ ಲೆನ್ಸ್ ಬೇಕು. ಅದಕ್ಕಾಗಿ ಬೆಂಗಳೂರಿನಲ್ಲಿ ಎರಡು ದಿನಕ್ಕೆ 150-600 ಮಿ.ಮೀ.ನ ಜೂಮ್ ಲೆನ್ಸೊಂದನ್ನು ಬಾಡಿಗೆಗೆ ತಂದಿದ್ದೆ (ಮಿ.ಮೀ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಎರಡು ಕೆ.ಜಿ. ತೂಕ, ನೋಡಿದವರೆಲ್ಲ ತಿರುಗಿ ನೋಡುವಂಥ ಗಾತ್ರ. ದೋಣಿ ನಡೆಸುವವರು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಹತ್ತಿರಕ್ಕೆ, ಎಂಟು ಮೀಟರ್ ಇದ್ದೀತು, ಸದ್ದಿಲ್ಲದೆ ಹುಟ್ಟು ಹಾಕಿದರು. ಲೆನ್ಸನ್ನು 150ಕ್ಕೆ ಇಳಿಸಿದರೂ ಮೊಸಳೆಯ ಅರ್ಧ ಮೈಯೂ ಚೌಕಟ್ಟಿನೊಳಗೆ ಬರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಕಿಟ್ ಜೊತೆ ಬರುವ ಸಣ್ಣ ಲೆನ್ಸಿನಲ್ಲಿ ಬಾಲದ ತುದಿಯವರೆಗೂ ತೆಗೆದಳು.

ಮುಂದಿನ ತಿಂಗಳು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ, ಜಯಮಂಗಲಿ ಕೃಷ್ಣಮೃಗ ಧಾಮಕ್ಕೆ ಹೋದೆ. ಹಿಂದಿನ ಪಾಠ ಕಲಿತವನಂತೆ ಈ ಸಲ ನನ್ನದೇ 55-250 ಲೆನ್ಸ್ ಮಾತ್ರ ಒಯ್ದಿದ್ದೆ. ಬಯಲಿನಲ್ಲಿ ಕೃಷ್ಣಮೃಗಗಳು ನೂರು ಮೀಟರಿಗಿಂತ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಚಿತ್ರದಲ್ಲಿ ಅವು ಒಣಹುಲ್ಲಿನ ನಡುವೆ ಇರುವೆ ಸಾಲಿನಂತೆ ಬಂದಿವೆ.

ಎರಡೂ ಲೆನ್ಸ್ ಒಳ್ಳೆಯವೇ. ಅವನ್ನು ಅದಲುಬದಲು ಮಾಡಿಕೊಂಡು ಹೋದವನು ನಾನು. ಇವತ್ತಿಗೂ ಯಾರಾದರೂ "ವೈಲ್ಡ್‌ಲೈಫ್‌ಗೆ ಯಾವ ಲೆನ್ಸ್ ತಗೊಳ್ಳಲಿ?" ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಬಜೆಟ್ಟನ್ನಲ್ಲ. ಯಾವ ಪ್ರಾಣಿ, ಎಷ್ಟು ದೂರ, ಎಷ್ಟು ಹೊತ್ತಿನ ಬೆಳಕು? ಬಜೆಟ್ ಆಮೇಲೆ.

ಮೊದಲ ಕೆಲಸ: ದೂರದ ಲೆಕ್ಕ

ಇದು ಹೈಸ್ಕೂಲಿನ ಗಣಿತಕ್ಕಿಂತ ಹೆಚ್ಚಿನದಲ್ಲ. ಪ್ರಾಣಿಯ ಅಳತೆಯನ್ನು ಮೀಟರಿನಲ್ಲಿ ತೆಗೆದುಕೊಳ್ಳಿ. ಅದನ್ನು ಲೆನ್ಸಿನ ಮಿ.ಮೀ. ಸಂಖ್ಯೆಯಿಂದ ಗುಣಿಸಿ. ಬಂದದ್ದನ್ನು ಪ್ರಾಣಿ ಇರುವ ದೂರದಿಂದ, ಅದೂ ಮೀಟರಿನಲ್ಲಿ, ಭಾಗಿಸಿ. ಸಿಗುವ ಉತ್ತರ ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ) ಮೇಲೆ ಆ ಪ್ರಾಣಿಯ ಬಿಂಬ ಎಷ್ಟು ಮಿ.ಮೀ. ಇರುತ್ತದೆ ಎಂಬುದು.

ನಮ್ಮಲ್ಲಿ ಬಹಳ ಜನರ ಕೈಯಲ್ಲಿರುವ, ಸೆನ್ಸರ್ ಚಿಕ್ಕದಿರುವ ಕ್ರಾಪ್ ಸೆನ್ಸರ್ ಕ್ಯಾಮೆರಾಗಳಲ್ಲಿ (ಕ್ಯಾನನ್ 200ಡಿ, ನಿಕಾನ್ ಡಿ5600 ಥರದವು) ಸೆನ್ಸರ್ ಸುಮಾರು 23 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಈ 23 ಮತ್ತು 15 ಎರಡನ್ನೂ ನೆನಪಿಟ್ಟುಕೊಂಡರೆ ಸಾಕು.

ಈಗ ಒಂದು ಪುಟ್ಟ ಮಿಂಚುಳ್ಳಿ. ಕೊಕ್ಕಿನಿಂದ ಬಾಲದವರೆಗೆ 17 ಸೆಂ.ಮೀ., ಅಂದರೆ 0.17 ಮೀಟರ್. ಹತ್ತು ಮೀಟರ್ ದೂರದ ಕೊಂಬೆಯ ಮೇಲೆ ಕೂತಿದೆ, ನಿಮ್ಮ ಲೆನ್ಸ್ 300. 0.17 ಗುಣಿಸು 300, ಭಾಗಿಸು 10: 5.1 ಮಿ.ಮೀ. ಚೌಕಟ್ಟಿನ ಎತ್ತರದ ಮೂರನೇ ಒಂದು ಪಾಲು ಹಕ್ಕಿ. ಚೆನ್ನಾಗಿದೆ. ಅದೇ ಹಕ್ಕಿ ಕೆರೆಯ ಆಚೆಬದಿಯ ಕಲ್ಲಿಗೆ ಹಾರಿತು, ಇಪ್ಪತ್ತು ಮೀಟರ್. ಈಗ ಅಷ್ಟೇ ದೊಡ್ಡದಾಗಿ ಬರಬೇಕಾದರೆ 600 ಬೇಕು. ನಿಮ್ಮ ಬಳಿ 250 ಮಾತ್ರ ಇದ್ದರೆ 2 ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ.

ಎರಡು ಮಿ.ಮೀ. ಸಾಕೇ? 24 ಮೆಗಾಪಿಕ್ಸೆಲ್ ಕ್ರಾಪ್ ಕ್ಯಾಮೆರಾದಲ್ಲಿ ಒಂದು ಮಿ.ಮೀ.ಗೆ ಸುಮಾರು 250 ಪಿಕ್ಸೆಲ್. ಹಾಗಾಗಿ ಎರಡು ಮಿ.ಮೀ.ಯ ಹಕ್ಕಿ ಅಂದರೆ ಐನೂರು ಪಿಕ್ಸೆಲ್ಲಿನ ಹಕ್ಕಿ. ಯಾವ ಹಕ್ಕಿ ಎಂದು ಗುರುತಿಸಲು, ಪಟ್ಟಿಗೆ ಸೇರಿಸಲು ಸಾಕು. ಐದು ಮಿ.ಮೀ. ಬಂದರೆ ಫೋನಿನಲ್ಲಿ ತೋರಿಸಿದರೆ ಜನ "ವಾಹ್" ಅನ್ನುತ್ತಾರೆ. ಗೋಡೆಗೆ ಹಾಕುವ ಪ್ರಿಂಟ್ ಬೇಕೆಂದರೆ ಎಂಟು-ಹತ್ತು ಮಿ.ಮೀ. ಇರಲಿ. ಇದು ನನ್ನ ಅಳತೆಗೋಲು, ನಿಮ್ಮದು ಬೇರೆ ಇರಬಹುದು.

ಆನೆಯ ಲೆಕ್ಕ ಇನ್ನೂ ತಮಾಷೆ. ಹೆಣ್ಣಾನೆಯ ಎತ್ತರ ಎರಡೂವರೆ ಮೀಟರ್ ಇಟ್ಟುಕೊಳ್ಳಿ, ಜೀಪಿನಿಂದ ಇಪ್ಪತ್ತು ಮೀಟರ್. 250ರ ಲೆನ್ಸಿನಲ್ಲಿ ಬಿಂಬ 31 ಮಿ.ಮೀ. ಸೆನ್ಸರಿನ ಎತ್ತರವೇ 15! ಆನೆ ಪೂರ್ತಿ ಬರಬೇಕೆಂದರೆ 100ರ ಸುತ್ತ ಸಾಕು. ಹುಲಿ ಅಡ್ಡಕ್ಕೆ ನಡೆದುಹೋದರೆ ಮೈ ಸುಮಾರು 1.7 ಮೀಟರ್. ನಲವತ್ತು ಮೀಟರ್ ದೂರದಲ್ಲಿ 300ರ ಲೆನ್ಸಿನಲ್ಲಿ ಹದಿಮೂರು ಮಿ.ಮೀ., ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು. ಜನ ತಲೆಕೆಳಗಾಗಿ ನಂಬಿರುವುದು ಇಲ್ಲೇ. ಹುಲಿ, ಆನೆಗೆ ದೊಡ್ಡ ಲೆನ್ಸ್, ಹಿತ್ತಲಿನ ಹಕ್ಕಿಗೆ ಚಿಕ್ಕದು ಸಾಕು ಅಂದುಕೊಳ್ಳುತ್ತಾರೆ. ಲೆಕ್ಕ ಹೇಳುವುದು ಅದರ ಉಲ್ಟಾ. ಕಬಿನಿಯ ಆನೆ ಹಿಂಡಿಗೆ ಅಗ್ಗದ ಲೆನ್ಸ್ ಸಾಕು. ಮನೆಯ ಹಿಂದಿನ ದಾಸವಾಳದಲ್ಲಿ ಕೂರುವ ಹತ್ತು ಸೆಂಟಿಮೀಟರಿನ ಸೂರಕ್ಕಿಯೇ ನಿಮ್ಮನ್ನು ಸಾಲಗಾರ ಮಾಡುವುದು.

ದೂರವನ್ನು ಕಣ್ಣಳತೆಯಲ್ಲಿ ಹೇಳುವುದು ಹೇಗೆ? ಕ್ರಿಕೆಟ್ ಪಿಚ್ 20 ಮೀಟರ್. ನಮ್ಮೂರಿನ ಕೆಂಪು ಬಸ್ಸು ಹನ್ನೊಂದು-ಹನ್ನೆರಡು ಮೀಟರ್. ಹಕ್ಕಿ ಎರಡು ಬಸ್ಸಿನಾಚೆ ಇದೆಯೇ, ಐದು ಪಿಚ್ಚಿನಾಚೆ ಇದೆಯೇ ಎಂದು ನೋಡುತ್ತಾ ಒಂದು ವಾರ ಓಡಾಡಿ. ಕಣ್ಣು ತಾನೇ ಕಲಿಯುತ್ತದೆ.

ಈಗಾಗಲೇ ಏನಾದರೂ ಜೂಮ್ ಲೆನ್ಸ್ ಇದ್ದರೆ ಇನ್ನೊಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಹಳೆಯ ಚಿತ್ರಗಳ ಫೋಲ್ಡರ್ ತೆರೆದು, ಒಂದೊಂದರ ಪ್ರಾಪರ್ಟೀಸ್‌ನಲ್ಲಿ ಎಷ್ಟು ಮಿ.ಮೀ.ನಲ್ಲಿ ತೆಗೆದಿದ್ದೀರಿ ನೋಡಿ. ಎಲ್ಲವೂ ಲೆನ್ಸಿನ ಕೊನೆಗೆ ಹೋಗಿ ನಿಂತಿದ್ದರೆ ಉದ್ದದ ಲೆನ್ಸ್ ನಿಜವಾಗಿ ಬೇಕು. ಅರ್ಧಕ್ಕರ್ಧ 100-200ರ ನಡುವೆ ಇದ್ದರೆ ನಿಮಗೆ ಬೇಕಾದದ್ದು ಬಹುಶಃ ಲೆನ್ಸ್ ಅಲ್ಲ, ಇನ್ನೂ ನಾಲ್ಕು ಸಲ ಕಾಡಿಗೆ ಹೋಗುವ ಬಸ್ ಚಾರ್ಜು.

ಆಮೇಲೆ ಬೆಳಕು

ಉದ್ದ ಒಂದು ಕಾಲು, ಬೆಳಕು ಇನ್ನೊಂದು ಕಾಲು. ಅಗ್ಗದ ಲೆನ್ಸುಗಳು ಕುಂಟುವುದು ಎರಡನೆಯದರಲ್ಲಿ.

ಲೆನ್ಸಿನ ಮಿ.ಮೀ. ಸಂಖ್ಯೆಯನ್ನು ಎಫ್ ಸಂಖ್ಯೆಯಿಂದ (ಎಫ್/5.6 ಅಂದರೆ 5.6ರಿಂದ) ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ಅಗಲ ಸಿಗುತ್ತದೆ. 600ರಲ್ಲಿ ಎಫ್/6.3 ಅಂದರೆ 95 ಮಿ.ಮೀ. ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ 150-600 ಲೆನ್ಸುಗಳ ಬಾಯಿ ಅಷ್ಟು ಅಗಲವಾಗಿ, ಎರಡು ಕೆ.ಜಿ. ಭಾರವಾಗಿ ಇರುವುದಕ್ಕೆ ಇದೇ ಕಾರಣ. 600ರಲ್ಲಿ ಎಫ್/4 ಬೇಕೆಂದರೆ 150 ಮಿ.ಮೀ. ಗಾಜು, ನಮ್ಮ ಊಟದ ತಟ್ಟೆಯ ಅರ್ಧಕ್ಕಿಂತ ದೊಡ್ಡದು. ಅಂಥ ಗಾಜು ಅರೆಯುವುದಕ್ಕೆ ಲಕ್ಷಗಟ್ಟಲೆ ಬೀಳುತ್ತದೆ. ಆದ್ದರಿಂದ ಕಡಿಮೆ ದುಡ್ಡಿನ ಲೆನ್ಸ್ ಅಂದರೆ ಬೆಳಕಿನಲ್ಲಿ ರಾಜಿ ಎಂದೇ ಅರ್ಥ. ರಾಜಿ ಎಲ್ಲಿಯವರೆಗೆ ಎಂಬುದನ್ನು ಮಾತ್ರ ನೀವು ತೀರ್ಮಾನಿಸಬೇಕು.

ಎಫ್/5.6ರಿಂದ ಎಫ್/6.3ಕ್ಕೆ ಹೋದರೆ ಕಳೆದುಕೊಳ್ಳುವುದು ಕಾಲು ಪಾಲಿಗಿಂತ ಕಡಿಮೆ ಬೆಳಕು; ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಎಫ್/8ಕ್ಕೆ ಹೋದರೆ ಅರ್ಧ. ಎಫ್/11 ಅಂದರೆ ಉಳಿಯುವುದೇ ಕಾಲು ಪಾಲು. ಎಫ್/5.6ರಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 1600 ಸಾಕಾಗಿದ್ದ ಕಡೆ ಎಫ್/11ರಲ್ಲಿ 6400 ಬೇಕು.

ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ಎಂಟರ ಬಿಸಿಲಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಬೆಳಕು ಸೂರೆ. ನಾಗರಹೊಳೆಯ ಬಿದಿರು ಮೆಳೆಯ ನೆರಳಿನಲ್ಲಿ, ಬೆಳಗಿನ ಸಫಾರಿಯ ಮೊದಲ ಅರ್ಧ ಗಂಟೆಯಲ್ಲಿ ಕಥೆ ಬೇರೆ. ಕೆನ್ನಾಯಿಯೊಂದು ಓಡುತ್ತಿದ್ದರೆ ಕನಿಷ್ಠ 1/500 ಸೆಕೆಂಡಿನ ಶಟರ್ ಬೇಕು. ಎಫ್/6.3ರಲ್ಲೇ ಐಎಸ್ಒ 6400 ಮುಟ್ಟುತ್ತದೆ, ಎಫ್/11 ಇದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ ಕಣ್ಣಲ್ಲೇ ನೋಡಿ ಖುಷಿಪಡಬೇಕಾಗುತ್ತದೆ. ಅದೂ ಕೆಟ್ಟದ್ದೇನಲ್ಲ.

ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇರುತ್ತದೆ. ಕ್ಯಾನನ್‌ನವರು ಅದನ್ನು ಐಎಸ್ ಎನ್ನುತ್ತಾರೆ, ನಿಕಾನ್‌ನವರು ವಿಆರ್, ಟ್ಯಾಮ್ರಾನ್‌ನವರು ವಿಸಿ, ಸಿಗ್ಮಾದವರು ಓಎಸ್. ಅದು ನಿಮ್ಮ ಕೈಯನ್ನು ನಿಲ್ಲಿಸುತ್ತದೆಯೇ ಹೊರತು ಹಕ್ಕಿಯನ್ನಲ್ಲ. ಕೂತ ಹಕ್ಕಿಗೆ ವರ, ಹಾರುವ ಹಕ್ಕಿಗೆ ನಿಷ್ಪ್ರಯೋಜಕ; ಹಾರುವ ರೀವ (ಟರ್ನ್) ಹಕ್ಕಿಯನ್ನು ಹಿಡಿಯಲು 1/2000 ಶಟರೇ ಬೇಕು.

ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಯೇ

ಇದನ್ನು ನೋಡದೆ ಕೊಂಡು ಕೈ ಸುಟ್ಟುಕೊಂಡವರು ಬೇಕಾದಷ್ಟಿದ್ದಾರೆ. ನಿಕಾನ್‌ನ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಆದ್ದರಿಂದ ಲೆನ್ಸಿನಲ್ಲೇ ಮೋಟಾರ್ ಇರಬೇಕು. ಹಳೆಯ 80-400 ಎಎಫ್ ವಿಆರ್ (2000ನೇ ಇಸವಿಯದು) ಅಗ್ಗಕ್ಕೆ ಸಿಗುತ್ತದೆಂದು ತಂದರೆ ಈ ಕ್ಯಾಮೆರಾಗಳಲ್ಲಿ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಇದರ ಉಲ್ಟಾ ಕಥೆಯೂ ಇದೆ: ಎಎಫ್-ಪಿ ಎಂದು ಬರೆದ ಹೊಸ 70-300 ಲೆನ್ಸ್ ಡಿ90, ಡಿ3200, ಡಿ5100ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದಿಲ್ಲ.

ಕ್ಯಾನನ್‌ನಲ್ಲಿ ಈ ತಲೆನೋವು ಕಡಿಮೆ. ಡಿಎಸ್ಎಲ್ಆರ್‌ಗೆಂದು (ಒಳಗೆ ಕನ್ನಡಿ ಇರುವ ಹಳೆಯ ಥರದ ಕ್ಯಾಮೆರಾ) ಮಾಡಿದ ಇಎಫ್, ಇಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಆರ್50, ಆರ್10ರಂಥ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಚೆನ್ನಾಗಿ ಓಡುತ್ತವೆ. ಆರ್‌ಎಫ್ ಎಂಬ ಮಿರರ್‌ಲೆಸ್ ಲೆನ್ಸ್ ಮಾತ್ರ ಹಳೆಯ ಡಿಎಸ್ಎಲ್ಆರ್‌ಗೆ ಬರುವುದಿಲ್ಲ, ಯಾವ ಅಡಾಪ್ಟರಿನಿಂದಲೂ.

"ಕ್ರಾಪ್ ಕ್ಯಾಮೆರಾದಲ್ಲಿ 400ರ ಲೆನ್ಸ್ 600 ಆಗುತ್ತೆ" ಎಂಬ ಮಾತನ್ನೂ ಕೇಳಿರುತ್ತೀರಿ. ಲೆನ್ಸ್ ಎಲ್ಲೂ ಬೆಳೆಯುವುದಿಲ್ಲ. ಸೆನ್ಸರ್ ಚಿಕ್ಕದಾದ್ದರಿಂದ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ, ಅಷ್ಟೇ. ಆದರೂ ಬಡವನ ಹಕ್ಕಿ ಛಾಯಾಗ್ರಹಣಕ್ಕೆ ಕ್ರಾಪ್ ಕ್ಯಾಮೆರಾವೇ ಸರಿ. ಇರುವ ಪಿಕ್ಸೆಲ್ಲುಗಳೆಲ್ಲ ಹಕ್ಕಿಯ ಸುತ್ತಲೇ ಸೇರಿರುತ್ತವೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಹೋದರೆ ಕ್ಯಾಮೆರಾ ದುಡ್ಡಿನ ಜೊತೆಗೆ ಲೆನ್ಸಿನ ದುಡ್ಡೂ ಏರುತ್ತದೆ.

ದುಡ್ಡಿಗೆ ತಕ್ಕ ಲೆನ್ಸುಗಳು

ದರ ತಿಂಗಳಿಗೊಮ್ಮೆ ಬದಲಾಗುವುದರಿಂದ ರೂಪಾಯಿ-ಪೈಸೆ ಹೇಳುವುದಿಲ್ಲ, ಮೆಟ್ಟಿಲು ಮಾತ್ರ ಹೇಳುತ್ತೇನೆ.

ಕೆಳಗಿನ ಮೆಟ್ಟಿಲು. ಕ್ಯಾನನ್ ಇರುವವರಿಗೆ 55-250 ಎಸ್‌ಟಿಎಂ. 2013ರಲ್ಲಿ ಬಂದ ಲೆನ್ಸ್, ತೂಕ 375 ಗ್ರಾಂ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಹಗುರ. 85 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುವುದರಿಂದ ಹಕ್ಕಿ ಸಿಗದ ದಿನ ಚಿಟ್ಟೆ, ಕೊಡತಿಹುಳಕ್ಕೂ ಆಗುತ್ತದೆ. ಎಸ್‌ಟಿಎಂ ಎಂದು ಬರೆದಿರುವುದನ್ನೇ ಕೊಳ್ಳಿ; ಅದಕ್ಕಿಂತ ಹಳೆಯ ಆವೃತ್ತಿಗಳು ಫೋಕಸ್‌ನಲ್ಲಿ ನಿಧಾನ, ಸದ್ದೂ ಹೆಚ್ಚು. ನಿಕಾನ್‌ನವರಿಗೆ ಎಎಫ್-ಪಿ 70-300 ವಿಆರ್. ಇದರಲ್ಲಿ ವಿಆರ್ ಇಲ್ಲದ ಅವಳಿಯೂ ಇದೆ, ನೋಡಲು ಒಂದೇ ಥರ, ದುಡ್ಡು ಕಡಿಮೆ. ಅದಕ್ಕೆ ಮರುಳಾಗಬೇಡಿ. ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಮಂಡಗದ್ದೆ, ಕಬಿನಿಯ ಆನೆ, ಜಿಂಕೆ, ಕಾಟಿ, ಇಷ್ಟಕ್ಕೆಲ್ಲ ಈ ಲೆನ್ಸುಗಳೇ ಸಾಕು. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಮರದಲ್ಲೇ ಗೂಡು ಕಟ್ಟುವುದರಿಂದ ಅಲ್ಲಿ 600 ಹಿಡಿದುಕೊಂಡರೆ ಕೊಕ್ಕು ಮಾತ್ರ ಸಿಗುತ್ತದೆ.

ಮೊದಲ ವರ್ಷ ಇದಕ್ಕಿಂತ ಮೇಲೆ ಹೋಗಲೇಬೇಡಿ ಎಂದೇ ನನ್ನ ಸಲಹೆ. ಹಕ್ಕಿಯ ಹತ್ತಿರ ಹೇಗೆ ಹೋಗಬೇಕು, ಯಾವ ಕೊಂಬೆಗೆ ಮತ್ತೆ ಬಂದು ಕೂರುತ್ತದೆ ಎಂಬುದನ್ನು ಚಿಕ್ಕ ಲೆನ್ಸ್ ಕಲಿಸುವ ಹಾಗೆ ದೊಡ್ಡದು ಕಲಿಸುವುದಿಲ್ಲ. ಕಳ್ಳಿಪೀರ ಹಾರಿ ಹುಳ ಹಿಡಿದು ಬಹುಪಾಲು ಅದೇ ತಂತಿಗೆ ವಾಪಸು ಬರುತ್ತದೆ. ಇದು ಗೊತ್ತಿದ್ದವನಿಗೆ 250, ಗೊತ್ತಿಲ್ಲದವನಿಗೆ 600.

ನಡುವಿನ ಮೆಟ್ಟಿಲು, ಹೆಚ್ಚುಪಾಲು ಸೆಕೆಂಡ್‌ಹ್ಯಾಂಡ್. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲೇ, ಏಕೆಂದರೆ ನಿಜವಾದ ಲಾಭ ಇಲ್ಲಿದೆ. ಮಿರರ್‌ಲೆಸ್‌ಗೆ ಹೋಗುವವರು ಡಿಎಸ್ಎಲ್ಆರ್ ಲೆನ್ಸುಗಳನ್ನು ಮಾರುತ್ತಿರುವುದರಿಂದ ಒಂದು ಕಾಲದಲ್ಲಿ ಕನಸಾಗಿದ್ದವು ಈಗ ಕೈಗೆಟಕುತ್ತಿವೆ.

ಟ್ಯಾಮ್ರಾನ್ 150-600ರ ಮೊದಲ ಆವೃತ್ತಿ 2013ರ ಕೊನೆಗೆ ಘೋಷಣೆಯಾಯಿತು. ಸಾಮಾನ್ಯರ ಕೈಗೆ 600 ಮಿ.ಮೀ. ತಂದುಕೊಟ್ಟ ಲೆನ್ಸ್ ಅದು. 500ರವರೆಗೆ ಚೂಪು, 600ರಲ್ಲಿ ಸ್ವಲ್ಪ ಮೆತ್ತಗೆ. ಎಫ್/8ಕ್ಕೆ ಇಟ್ಟರೆ ಸರಿಹೋಗುತ್ತದೆ. ಜಿ2 ಎಂಬ ಎರಡನೇ ಆವೃತ್ತಿ (2016) ಫೋಕಸ್‌ನಲ್ಲೂ ನಡುಕ ತಡೆಯುವುದರಲ್ಲೂ ಮೇಲು. ಸಿಗ್ಮಾ 150-600ರಲ್ಲಿ ಎರಡು ತಳಿ: ಕಂಟೆಂಪರರಿ, ಸ್ಪೋರ್ಟ್ಸ್. ಮೊದಲನೆಯದು 1.9 ಕೆ.ಜಿ., ಎರಡನೆಯದು 2.8 ದಾಟುತ್ತದೆ. ಕೈಯಲ್ಲಿ ಹಿಡಿದು ನಡೆಯುವವರು ಕಣ್ಣು ಮುಚ್ಚಿ ಕಂಟೆಂಪರರಿ ತೆಗೆದುಕೊಳ್ಳಿ. ನಿಕಾನ್ ಬಳಸುವವರಿಗೆ ಈ ಮೆಟ್ಟಿಲಲ್ಲಿ ನನ್ನ ಮೊದಲ ಆಯ್ಕೆ 200-500 ಎಫ್/5.6 (2015). ಕೊನೆಯವರೆಗೂ ಎಫ್/5.6 ನಿಲ್ಲುವುದು ಇದರ ದೊಡ್ಡತನ. ತೊಂದರೆ ಎಂದರೆ 2.3 ಕೆ.ಜಿ. ಭಾರ, ಜೊತೆಗೆ 200ರಿಂದ 500ಕ್ಕೆ ತಿರುಗಿಸಲು ಮಣಿಕಟ್ಟನ್ನು ಎರಡು ಸಲ ತಿರುವಬೇಕು. ಅಷ್ಟರಲ್ಲಿ ಚಿರತೆ ಪೊದೆ ಸೇರಿರುತ್ತದೆ.

ಇವುಗಳ ನಡುವೆ ಒಬ್ಬ ಮುದುಕನನ್ನು ಮರೆಯಬಾರದು: ಕ್ಯಾನನ್ 400 ಎಫ್/5.6 ಎಲ್. 1993ರ ಲೆನ್ಸ್. ಜೂಮ್ ಇಲ್ಲ, ನಡುಕ ತಡೆಯುವ ವ್ಯವಸ್ಥೆ ಇಲ್ಲ, ಮೂರೂವರೆ ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಆದರೆ 1.25 ಕೆ.ಜಿ. ಅಷ್ಟೆ, ಫೋಕಸ್ ಮಿಂಚು. ಭದ್ರಾ ಹಿನ್ನೀರಿನಲ್ಲಿ ದೋಣಿಯಲ್ಲಿ ಕೂತು ಹಾರುವ ರೀವಗಳನ್ನು ಹಿಡಿಯಲು ಇಂದಿಗೂ ನಾನು ಸ್ನೇಹಿತನಿಂದ ಬೇಡಿ ತರುವುದು ಇದನ್ನೇ. ಕಾಡಿನ ನೆರಳಿಗೆ ಒಯ್ದರೆ ಮಾತ್ರ ಬೈದುಕೊಳ್ಳುತ್ತೀರಿ.

600ರ ಭಾರ ಬೇಡ ಎನ್ನುವವರಿಗೆ ಸಿಗ್ಮಾ, ಟ್ಯಾಮ್ರಾನ್ ಎರಡೂ 2017ರಲ್ಲಿ ತಂದ 100-400 ಇವೆ. ಒಂದೂ ಕಾಲು ಕೆ.ಜಿ.ಯೊಳಗೆ. ಮಿರರ್‌ಲೆಸ್ ಕ್ಯಾನನ್ ಹೊಸದಾಗಿ ಕೊಂಡಿದ್ದರೆ ಆರ್‌ಎಫ್ 100-400 (2021) ನೋಡಿ. 635 ಗ್ರಾಂ, ಕೊರಳಿಗೆ ನೇತುಹಾಕಿ ಇಡೀ ದಿನ ಕನಕಪುರ ರಸ್ತೆಯ ಕುರುಚಲು ಕಾಡಿನಲ್ಲಿ ಅಲೆಯಬಹುದು. ತುದಿಯಲ್ಲಿ ಎಫ್/8 ಎಂಬುದನ್ನು ಮರೆಯಬೇಡಿ. ಇದೇ ಮನೆಯ 600 ಮತ್ತು 800 ಎಫ್/11 ಲೆನ್ಸುಗಳು (2020) ಉದ್ದಕ್ಕೆ ಹೋಲಿಸಿದರೆ ಅಗ್ಗ, ಹಗುರ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬಿಸಿಲಲ್ಲಿ ದೂರದ ನೀರಿನಲ್ಲಿ ತೇಲುತ್ತಿರುವಾಗ ಒಳ್ಳೆಯ ಜೋಡಿ. ಕಾಡಿಗೆ ಅಲ್ಲ. 600ಕ್ಕೆ ನಾಲ್ಕೂವರೆ ಮೀಟರ್, 800ಕ್ಕೆ ಆರು ಮೀಟರ್ ದೂರ ಇಲ್ಲದೆ ಫೋಕಸ್ ಕೂಡ ಆಗುವುದಿಲ್ಲ.

ಸೋನಿ ಕ್ರಾಪ್ ಕ್ಯಾಮೆರಾದವರಿಗೆ 70-350 ಇದೆ. ಸೋನಿ 200-600, ನಿಕಾನ್ ಝಡ್ 180-600, ಕ್ಯಾನನ್ ಆರ್‌ಎಫ್ 200-800, ಇವು ಅದ್ಭುತ ಲೆನ್ಸುಗಳು, ಹೊಸದಕ್ಕೆ ಲಕ್ಷ ದಾಟುತ್ತವೆ. ಈ ಲೇಖನದ ತಲೆಬರಹಕ್ಕೆ ಹೊರಗಿನವು.

ಲೆನ್ಸೇ ಬೇಡ, ಒಂದೇ ಕ್ಯಾಮೆರಾ ಸಾಕು ಎನ್ನುವವರಿಗೆ ನಿಕಾನ್ ಪಿ900 ಥರದವು. ಪೆಟ್ಟಿಗೆಯ ಮೇಲೆ 2000 ಮಿ.ಮೀ. ಎಂದಿರುತ್ತದೆ. ಒಳಗಿನ ಲೆನ್ಸ್ ನಿಜದಲ್ಲಿ 357 ಮಿ.ಮೀ.; ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ್ದರಿಂದ ಅಷ್ಟು ಹತ್ತಿರ ಕಾಣುತ್ತದೆ. ಹಕ್ಕಿ ಗುರುತಿಸಿ ಪಟ್ಟಿ ಮಾಡುವವರಿಗೆ, ಬೆನ್ನುನೋವಿರುವ ಹಿರಿಯರಿಗೆ ನಾನು ಧಾರಾಳವಾಗಿ ಹೇಳುತ್ತೇನೆ. ಸಂಜೆ ಐದೂವರೆಯ ಮೇಲೆ ಮಾತ್ರ ಅದನ್ನು ನಂಬಬೇಡಿ.

ಇವುಗಳ ಹತ್ತಿರ ಸುಳಿಯಬೇಡಿ

ಆನ್‌ಲೈನಿನಲ್ಲಿ ಕೆಲವೇ ಸಾವಿರಕ್ಕೆ ಸಿಗುವ 420-800 ಎಫ್/8.3 ಎಂಬ ಉದ್ದ ಕೊಳವೆ: ಫೋಕಸ್ ಕೈಯಿಂದ, ಚಿತ್ರ ಹಾಲಿನ ಕೆನೆಯ ಹಿಂದಿನಿಂದ ನೋಡಿದಂತೆ. 500 ಎಫ್/8 ಕನ್ನಡಿ ಲೆನ್ಸ್‌ಗಳು, ಹಿನ್ನೆಲೆಯ ಎಲೆಗಳಿಗೆಲ್ಲ ಉದ್ದಿನವಡೆ ಆಕಾರ ಕೊಡುತ್ತವೆ. ಎಫ್/6.3ರ ಜೂಮಿಗೆ 2ಎಕ್ಸ್ ಟೆಲಿಕನ್ವರ್ಟರ್ (ಲೆನ್ಸ್, ಕ್ಯಾಮೆರಾ ನಡುವೆ ಸಿಕ್ಕಿಸಿ ಉದ್ದವನ್ನು ಎರಡರಷ್ಟು ಮಾಡುವ ತುಂಡು): ಬೆಳಕು ಕಾಲು ಪಾಲಿಗೆ ಇಳಿದು ಡಿಎಸ್ಎಲ್ಆರ್‌ನ ಫೋಕಸ್ ಸತ್ತೇಹೋಗುತ್ತದೆ. 95 ಮಿ.ಮೀ. ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ ಹಾಕುವುದೂ ಅಷ್ಟೇ. ಒಳ್ಳೆ ಗಾಜಿನ ಮುಂದೆ ಕಿಟಕಿ ಗಾಜು ಹಿಡಿದ ಹಾಗೆ.

ಕೊಳ್ಳುವ ಮುಂಚೆ ಒಂದು ವಾರಾಂತ್ಯ ಬಾಡಿಗೆ

ಬೆಂಗಳೂರು, ಮೈಸೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಗುರುತಿನ ಚೀಟಿ ಕೇಳುತ್ತಾರೆ, ಕೆಲವರು ಠೇವಣಿಯನ್ನೂ. ವರ್ಷಕ್ಕೆ ಎರಡೇ ಸಲ ಸಫಾರಿಗೆ ಹೋಗುವವರಿಗೆ ಕೊಳ್ಳುವುದಕ್ಕಿಂತ ಇದೇ ಲಾಭ. ಕೊಳ್ಳಬೇಕೆಂದಿರುವವರು ಕೂಡ ಒಮ್ಮೆ ತಂದು, ಕುತ್ತಿಗೆಗೆ ಹಾಕಿಕೊಂಡು ಲಾಲ್‌ಬಾಗಿನಲ್ಲಿ ಎರಡು ಗಂಟೆ ನಡೆಯಿರಿ. ಎರಡು ಕೆ.ಜಿ. ಎಂದರೆ ಏನು ಎಂಬುದು ಓದಿ ತಿಳಿಯುವ ವಿಷಯವಲ್ಲ. ಎಷ್ಟೋ 150-600 ಲೆನ್ಸುಗಳು ಬೀರುವಿನಲ್ಲಿ ಮಲಗಿರುವುದು ಚಿತ್ರ ಕೆಟ್ಟದಾಗಿ ಬರುತ್ತದೆಂದಲ್ಲ, ಭುಜ ನೋಯುತ್ತದೆಂದು.

ಬಾಡಿಗೆ ದಿನ ಮಧ್ಯಾಹ್ನದ ಬಿಸಿಲಲ್ಲೂ ಬಯಲಿನಲ್ಲಿ ನಾಲ್ಕು ಚಿತ್ರ ತೆಗೆಯಿರಿ. ಕಾದ ನೆಲದ ಮೇಲಿನ ಗಾಳಿ ನಡುಗಿ ನೂರು ಮೀಟರ್ ದೂರದ ಕೃಷ್ಣಮೃಗ ನೀರೊಳಗಿದ್ದಂತೆ ಬರುತ್ತದೆ. ಎಷ್ಟು ಲಕ್ಷದ ಲೆನ್ಸ್ ಹಾಕಿದರೂ ಹಾಗೆಯೇ. ಇದನ್ನು ಒಮ್ಮೆ ಕಂಡವರು ಆಮೇಲೆ ಲೆನ್ಸನ್ನು ಬೈಯುವುದಿಲ್ಲ, ಬೇಗ ಏಳುತ್ತಾರೆ.

ಸಫಾರಿ, ಪಕ್ಷಿಧಾಮಗಳಲ್ಲಿ ಕ್ಯಾಮೆರಾ ಶುಲ್ಕ ಬೇರೆಯೇ ಇರಬಹುದು, ಲೆನ್ಸ್ ನೋಡಿ ದರ ಹೇಳುವ ಕಡೆಗಳೂ ಉಂಟು. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ.

ಹಳೆಯ ಲೆನ್ಸ್ ಕೊಳ್ಳುವಾಗ

ನನ್ನ ಮೊದಲ 150-600 ಕೊಂಡದ್ದು ಒಬ್ಬ ಮಾರಾಟಗಾರನಿಂದ, ಸಂಜೆ ಏಳಕ್ಕೆ, ಹೋಟೆಲೊಂದರ ಮುಂದೆ. ಕಾಫಿ ಕುಡಿಸಿದರು, ಮಾತು ಚೆನ್ನಾಗಿತ್ತು, ಹಣ ಕಳಿಸಿ ತಂದೆ. ಮನೆಯಲ್ಲಿ ಟಾರ್ಚ್ ಹಾಕಿ ನೋಡಿದರೆ ಒಳಗಿನ ಮೂರನೇ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹರಡಿತ್ತು. ಫೋನ್ ಎತ್ತಲೇ ಇಲ್ಲ. ಬಿಚ್ಚಿ ತೊಳೆಸಲು ಕೊಟ್ಟ ದುಡ್ಡಿನಲ್ಲಿ ಚಿಕ್ಕದೊಂದು ಲೆನ್ಸೇ ಬರುತ್ತಿತ್ತು. ಆ ಕಾಫಿಯಷ್ಟು ದುಬಾರಿಯದ್ದನ್ನು ನಾನು ಮತ್ತೆ ಕುಡಿದಿಲ್ಲ.

ಆದ್ದರಿಂದ ಹಗಲಿನಲ್ಲೇ ಹೋಗಿ. ನಿಮ್ಮದೇ ಕ್ಯಾಮೆರಾ, ನಿಮ್ಮದೇ ಕಾರ್ಡ್, ಒಂದು ಚಿಕ್ಕ ಟಾರ್ಚ್ ಒಯ್ಯಿರಿ.

ಮೊದಲು ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಬಿಟ್ಟು ಮುಂಬದಿಯಿಂದ ನೋಡಿ, ಆಮೇಲೆ ಉಲ್ಟಾ. ನಾಲ್ಕಾರು ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತವೆ, ಚಿತ್ರದಲ್ಲಿ ಕಾಣುವುದಿಲ್ಲ. ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು, ನಮಸ್ಕಾರ ಹೇಳಿ ಬನ್ನಿ. ಮಲೆನಾಡು, ಕರಾವಳಿಯಲ್ಲಿ ಮೂರು ಮಳೆಗಾಲ ಕಳೆದ ಲೆನ್ಸಾದರೆ ಎರಡು ಸಲ ನೋಡಿ. ಮೌಂಟಿನ (ಕ್ಯಾಮೆರಾಕ್ಕೆ ಕೂರುವ ಬಳೆಯ) ಸ್ಕ್ರೂಗಳ ತಲೆ ಕೆರೆದಿದ್ದರೆ ಯಾರೋ ಬಿಚ್ಚಿದ್ದಾರೆಂದು ಲೆಕ್ಕ.

ನಂತರ ಫೋಕಸ್. ಪೂರ್ತಿ ಜೂಮ್ ಮಾಡಿ, ಹತ್ತಿರದ ಎಲೆಯಿಂದ ದೂರದ ಟವರಿಗೆ, ಟವರಿನಿಂದ ಮತ್ತೆ ಎಲೆಗೆ ಹತ್ತು ಸಲ ಫೋಕಸ್ ಮಾಡಿಸಿ. ಒಂದು ಸಲವಾದರೂ ತಡವರಿಸಿ ನಿಂತರೆ ಮೋಟಾರ್ ದಣಿದಿದೆ. ಗೋಡೆಗೆ ಒಂದು ಕನ್ನಡ ಪತ್ರಿಕೆಯ ಪುಟ ಅಂಟಿಸಿ, ಅಪರ್ಚರ್ ಪೂರ್ತಿ ತೆರೆದು (ಅತಿ ಚಿಕ್ಕ ಎಫ್ ಸಂಖ್ಯೆಗೆ ಇಟ್ಟು) ನೇರ ನಿಂತು ಚಿತ್ರ ತೆಗೆಯಿರಿ. ಎಡಗಡೆಯ ಒತ್ತಕ್ಷರಗಳು ಚೂಪಾಗಿ, ಬಲಗಡೆಯವು ಮಸುಕಾಗಿ ಬಂದರೆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಸರಿದಿದೆ. ಕನ್ನಡದ ಒತ್ತಕ್ಷರಕ್ಕಿಂತ ಒಳ್ಳೆಯ ಟೆಸ್ಟ್ ಚಾರ್ಟ್ ನಾನು ಕಂಡಿಲ್ಲ.

ಡಿಎಸ್ಎಲ್ಆರ್ ಆದರೆ ಒಮ್ಮೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ (ವ್ಯೂಫೈಂಡರ್), ಒಮ್ಮೆ ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಅದೇ ಚಿತ್ರ ತೆಗೆದು ಹೋಲಿಸಿ. ಲೈವ್ ವ್ಯೂದು ಚೂಪು, ಕಿಂಡಿಯದು ಮೆತ್ತಗೆ ಎಂದರೆ ಫೋಕಸ್ ಹಿಂದೆ-ಮುಂದೆ ಆಗುತ್ತಿದೆ. ಸಿಗ್ಮಾ ಮತ್ತು ಟ್ಯಾಮ್ರಾನ್ ಜಿ2 ಲೆನ್ಸುಗಳನ್ನು ಅವರದೇ ಯುಎಸ್‌ಬಿ ಡಾಕಿಗೆ ಹಾಕಿ ಇದನ್ನು ಸರಿಪಡಿಸಬಹುದು. ಮಾರುವವರು ಆ ಡಾಕನ್ನೂ ಜೊತೆಗೆ ಕೊಡುತ್ತಾರೆಯೇ ಕೇಳಿ. ಬಿಲ್ ಮೇಲಿನ ಸೀರಿಯಲ್ ನಂಬರ್ ಲೆನ್ಸಿನ ಮೇಲಿನದಕ್ಕೆ ತಾಳೆಯಾಗಬೇಕು. ಬಿಲ್ಲೇ ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ, ಅದು ಯಾರದೋ ಕಳೆದುಹೋದ ಚೀಲದ್ದಾಗಿರಬಹುದು.

ತಂದ ಮೇಲೆ

ಸಫಾರಿ ವಾಹನದಲ್ಲಿ ಟ್ರೈಪಾಡ್ ಇಡಲು ಜಾಗವಿರುವುದಿಲ್ಲ. ಹಳೆ ಜೀನ್ಸಿನ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ, ಒಂದು ತುದಿ ಹೊಲಿದು, ಅಕ್ಕಿಯೋ ರಾಗಿಯೋ ಮುಕ್ಕಾಲು ತುಂಬಿ ಇನ್ನೊಂದು ತುದಿ ಹೊಲಿಯಿರಿ. ಕಂಬಿಯ ಮೇಲೆ ಹಾಕಿ ಲೆನ್ಸ್ ಇಟ್ಟರೆ ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಕೂರುತ್ತದೆ. ನನಗೆ ರಾಗಿಯೇ ಇಷ್ಟ, ಕಾಳು ಸಣ್ಣದಾದ್ದರಿಂದ ಲೆನ್ಸಿನ ಮೈಗೆ ಸರಿಯಾಗಿ ಒಗ್ಗುತ್ತದೆ. ಎಂಜಿನ್ ಆರಿಸಲು ಚಾಲಕರನ್ನು ಮೆಲ್ಲಗೆ ಕೇಳಿಕೊಳ್ಳಿ, ಅದರ ನಡುಕ ಯಾವ ವಿಆರ್‌ಗೂ ಬಗ್ಗುವುದಿಲ್ಲ. ದರೋಜಿಯ ವೀಕ್ಷಣಾ ಗೋಪುರದಿಂದ ಎದುರಿನ ದೂರದ ಬಂಡೆಗೆ ಇಳಿದು ಬರುವ ಕರಡಿಗಳನ್ನು ತೆಗೆಯುವಾಗಲೂ ಗೋಪುರದ ಕಟ್ಟೆಯ ಮೇಲೆ ಇದೇ ಚೀಲ.

ಉದ್ದ ಲೆನ್ಸ್ ಬಂತೆಂದು ಗೂಡಿನ ಬಳಿ ಹೋಗುವುದು ಬೇಡ. ಗಣೇಶಗುಡಿಯಂಥ ಕಡೆ ಹಕ್ಕಿಗಳಿಗೆ ನೀರಿಟ್ಟು ಮರೆಯಲ್ಲಿ ಕೂರುವ ಏರ್ಪಾಡಿದೆ, ಅಲ್ಲಿ ಅವೇ ಐದಾರು ಮೀಟರ್ ಹತ್ತಿರಕ್ಕೆ ಬರುತ್ತವೆ. ಲೆಕ್ಕ ಹಾಕಿ ನೋಡಿ: ಇಪ್ಪತ್ತು ಸೆಂಟಿಮೀಟರಿನ ಪಿಕಳಾರಕ್ಕೆ ಆರು ಮೀಟರಿನಲ್ಲಿ 250 ಹಾಕಿದರೆ ಎಂಟು ಮಿ.ಮೀ. ದಾಟುತ್ತದೆ. ಗೋಡೆಗೆ ಹಾಕುವ ಪ್ರಿಂಟು.

ಮಳೆಗಾಲದಲ್ಲಿ ಲೆನ್ಸನ್ನು ಕ್ಯಾಮೆರಾ ಚೀಲದಲ್ಲೇ ಬಿಡಬೇಡಿ, ಆ ಸ್ಪಂಜು ನೀರು ಕುಡಿದು ಬೂಷ್ಟು ಸಾಕುತ್ತದೆ. ವಿದ್ಯುತ್ ಡ್ರೈ ಕ್ಯಾಬಿನೆಟ್‌ಗೆ ದುಡ್ಡಿಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ನಲವತ್ತರಿಂದ ಐವತ್ತು ಶೇಕಡದ ನಡುವೆ ನಿಂತರೆ ಸರಿ. ಅಕ್ಕಿ ಡಬ್ಬದೊಳಗೆ ಇಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ, ಅಕ್ಕಿಯ ಹುಡಿಯೆಲ್ಲ ಜೂಮ್ ಕೊಳವೆಯೊಳಗೆ ಸೇರುತ್ತದೆ. ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ತುಂಬಿದೆ ಎಂದರ್ಥ. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅದಕ್ಕೆ ಅಡುಗೆಯ ಬಾಣಲೆ ಮಾತ್ರ ಬೇಡ. ಆ ನೀಲಿ ಬಣ್ಣದ ಕೋಬಾಲ್ಟ್ ವಿಷ. ಇದು ಗೊತ್ತಾಗುವ ಹೊತ್ತಿಗೆ ನಾನು ಅಮ್ಮನ ಒಗ್ಗರಣೆ ಸೌಟಿನಲ್ಲಿ ಒಮ್ಮೆ ಹುರಿದಾಗಿತ್ತು. ಸೌಟು ಗುಜರಿಗೆ ಹೋಯಿತು, ಈಗ ಹಿತ್ತಲಿನಲ್ಲಿ ಬೇರೆಯೇ ಒಂದು ಹಳೆ ತಟ್ಟೆ ಇದೆ.